ಮೋಟರ್ ಹಾಕಿದಾಗಲೆಲ್ಲ

ಅಕ್ಕನಿಗೆ ಹೇಳಬೇಕಾದುದನ್ನು ನಾನು ಹೇಳಿರಲಿಲ್ಲ. ಮಾಕಳಿಯ ನಮ್ಮ ಮನೆಯಲ್ಲಿ ನಾನು ಸಂಪಿನ ಮೋಟರ್ ಹಾಕಿದಾಗಲೆಲ್ಲ ವೋಲ್ಟೇಜ್ ಕುಸಿದು ನೆಟ್ ಪೆಟ್ಟಿಗೆ ಆರಿಹೋಗುತ್ತಿತ್ತು. ಅದು ಗೊತ್ತಾದ ಮೇಲೂ ಅವಳ ಬಾಯಿಗೆ ಹೆದರಿ ಸುಮ್ಮನಿದ್ದೆ. ಅವಳು ನೆಟ್ ರಿಪೇರಿಯವನನ್ನು ಬೈಯುತ್ತ, ಪೆಟ್ಟಿಗೆಯಲ್ಲಿ ಮತ್ತೆ ಹೊತ್ತಿಕೊಂಡ ಕೆಂಪು ದೀಪದ ಮುಂದೆ ನನ್ನತ್ತ ಕೈಯೆತ್ತಿ, “ಉಸಿರಾಡ್ಬೇಡ ಕಣೋ, ನೆಟ್ ಬರ್ತಾ ಐತೆ” ಎನ್ನುತ್ತಿದ್ದಳು.

ಮನೆಯಿಂದಲೇ ಮಾಡುವ ಕೆಲಸವೊಂದಕ್ಕೆ ಅವಳಿಗೆ ವಿಡಿಯೋದಲ್ಲಿ ಸಂದರ್ಶನವಿದ್ದ ದಿನ, ಮಹಡಿಯ ಬಾಡಿಗೆಯವನು, “ಸೋಪು ಹಚ್ಕೊಂಡು ನಿಂತಿದೀನಿ ಗುರು, ನೀರು ಬಿಡು!” ಎಂದು ಕೂಗಿದ. ಮೋಟರ್ ಹಾಕಿಬಿಟ್ಟೆ. ಒಳಗೆ ಅಕ್ಕನ ಮಾತಿಗೆ ಉತ್ತರ ಬರುವುದು ನಿಂತಿತು. ನೆಟ್ ಮರಳುವಷ್ಟರಲ್ಲಿ ಸಂದರ್ಶನದವರು ಬೇರೆಯವರನ್ನು ಕರೆದಿದ್ದರು.

ಅಕ್ಕ ಹೊರಬಂದು ರಿಪೇರಿಯವನಿಗೆ ಫೋನ್ ಮಾಡಲು ಹೊರಟಳು. ಅವಳ ಕೈ ಹಿಡಿದೆ.

“ಅವನ್ನ ಬೈಬೇಡ ಅಕ್ಕ. ಮೋಟರ್ ಹಾಕಿ ನೆಟ್ ಕೆಡಿಸ್ತಿದ್ದೋನು ನಾನೇ. ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪಾಯ್ತು.”