ಟೇಪಿನಲ್ಲಿಲ್ಲದ ಹದಿನಾಲ್ಕು ಸಾಲು

ಮೈಥಿಲಿಯದು ಬಾಯಿಗಿಂತ ಮುಂದೆ ಓಡುವ ಕೈ. ಬೆಂಗಳೂರಿನ ವಿಧಾನಸೌಧದಲ್ಲಿ ಸ್ಟೆನೋ ಆಗಿದ್ದಾಗ ಎಷ್ಟು ಜನ ಮಂತ್ರಿಗಳ ಭಾಷಣ ಬರೆದುಕೊಂಡಳೋ ಲೆಕ್ಕವಿಲ್ಲ. ಅವರೇನು ದಿನಕ್ಕೊಂದು ಹೊಸ ಮಾತು ಹುಟ್ಟಿಸುತ್ತಿದ್ದರೇ? ‘ಈ ಶುಭ ಸಂದರ್ಭದಲ್ಲಿ’ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ನಾಲ್ಕು ವಾಕ್ಯ ಇವಳ ಪುಸ್ತಕದಲ್ಲಿ ಬಿದ್ದಾಗಿರುತ್ತಿತ್ತು. ಒಮ್ಮೆ ಒಬ್ಬ ಸಾಹೇಬರು ಮಾತಿನ ನಡುವೆ ಕೆಮ್ಮಿ, ಎಲ್ಲಿದ್ದೆನೆಂದು ಮರೆತು, ಇವಳ ಪುಸ್ತಕ ನೋಡಿಕೊಂಡೇ ಭಾಷಣ ಮುಗಿಸಿದರಂತೆ. ಸುಳ್ಳೋ ನಿಜವೋ, ಆಫೀಸಿನಲ್ಲಿ ಆ ಕಥೆ ಓಡಾಡುತ್ತಿತ್ತು.

ಮದುವೆಯಾಗಿ ಅಮೆರಿಕದ ಸನ್ನಿವೇಲಿಗೆ ಬಂದ ಮೇಲೆ ಆ ಕೈಗೆ ಹನ್ನೊಂದು ವರ್ಷ ಕೆಲಸವೇ ಇರಲಿಲ್ಲ. ಗಂಡ ರಘೋತ್ತಮ ಕಂಪನಿಗೆ ಹೊರಟ ಮೇಲೆ, ಹತ್ತು ವರ್ಷದ ಮಗಳು ವಸುಧಾ ಸ್ಕೂಲಿಗೆ ಹೊರಟ ಮೇಲೆ, ಅಪಾರ್ಟ್‌ಮೆಂಟಿನಲ್ಲಿ ಇವಳು ಮತ್ತು ಫ್ರಿಜ್ಜಿನ ಸದ್ದು. ಇದ್ದ ಒಂದೇ ಸುಖವೆಂದರೆ ವಾರಕ್ಕೊಮ್ಮೆ ಮೈಸೂರಿನ ಅಮ್ಮನಿಗೆ ಬರೆಯುವ ಕಾಗದ. ಅಮ್ಮನಿಗೆ ಕಿವಿ ಪೂರಾ ಹೋಗಿತ್ತು, ಫೋನಿನಿಂದ ಪ್ರಯೋಜನವಿರಲಿಲ್ಲ. ತಾಯಿಗೂ ಮಗಳಿಗೂ ನಡುವೆ ಇದ್ದದ್ದು ಕನ್ನಡದ ಆ ಐದಾರು ಹಾಳೆ ಮಾತ್ರ.

೧೯೮೪ರಲ್ಲಿ ಪಕ್ಕದ ಊರಾದ ಲಾಸ್ ಆಲ್ಟೋಸಿನ ಡಾಕ್ಟರ್ ಇರೀನಿ ಎಂಬ ಗ್ರೀಕ್ ಪ್ರೊಫೆಸರಮ್ಮನಿಗೆ ಟೇಪು ಕೇಳಿ ಬರೆಯುವವರು ಬೇಕಾದರು. ಗ್ರೀಸಿನ ಬೆಟ್ಟದ ಮುದುಕನೊಬ್ಬ ಹಾಡಿದ ವೀರರ ಕಥೆ, ಇಪ್ಪತ್ತೆರಡು ಟೇಪು. ಆಕೆಯ ಷರತ್ತು ಒಂದೇ, ಬರೆಯುವವರಿಗೆ ಗ್ರೀಕ್ ಬರಬಾರದು. ಬಂದವರು ಮುದುಕನ ಮಾತನ್ನು ತಿದ್ದಿ ಬರೆಯುತ್ತಾರೆ, ಬರದವರು ಕಿವಿಗೆ ಬಿದ್ದದ್ದನ್ನೇ ಬರೆಯುತ್ತಾರೆ. ಆ ಕೆಲಸ ಹಿಡಿದ ಮೈಥಿಲಿ ಕಾಲಿನಿಂದ ಪೆಡಲ್ ಒತ್ತಿ ಟೇಪು ಓಡಿಸುತ್ತ, ಕೇಳಿದ ದನಿಯನ್ನೆಲ್ಲ ಕನ್ನಡ ಅಕ್ಷರದಲ್ಲಿ ಹಿಡಿದು, ಆಮೇಲೆ ಇಂಗ್ಲಿಷ್ ಅಕ್ಷರಕ್ಕೆ ಟೈಪು ಮಾಡುತ್ತಿದ್ದಳು. ನಮ್ಮ ಅಕ್ಷರಕ್ಕೆ ಸಿಗದ ದನಿ ಯಾವುದಿದೆ?

ಇರೀನಿ ಚಹಾ ಕುಡಿಯುತ್ತ ವಿವರಿಸುತ್ತಿದ್ದಳು. ಗ್ರೀಕರ ದೊಡ್ಡ ಯುದ್ಧದ ಕಥೆಗಳು ಬರವಣಿಗೆಗೆ ಮುಂಚೆ ನೂರಾರು ವರ್ಷ ಬಾಯಿಂದ ಬಾಯಿಗೆ ಬಂದವು. ಹಾಡುವವರು ಉರು ಹೊಡೆದು ಹಾಡುತ್ತಿರಲಿಲ್ಲ. ಕುದುರೆಗೆ ಒಂದು ಮಾತು, ಹಡಗಿಗೆ ಒಂದು, ಸಾವಿಗೆ ಒಂದು ಎಂದು ಅವರ ಬಳಿ ಸಿದ್ಧ ಮಾತುಗಳಿದ್ದವು. ಕೂತರೆ ಒಂದರ ಹಿಂದೆ ಒಂದು ತಾನಾಗಿ ಬರುತ್ತಿದ್ದವು. ಮೈಥಿಲಿಗೆ ಒಳಗೊಳಗೇ ನಗು. ನಮ್ಮ ಮಂತ್ರಿಗಳೂ ಅದೇ ಜಾತಿ ಎಂದುಕೊಂಡಳು.

ಆದರೆ ಒಂಬತ್ತನೇ ಟೇಪಿನ ಹೊತ್ತಿಗೆ ಅವಳ ನಗು ನಿಂತಿತು. ಮುದುಕ ಉಸಿರೆಳೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು ಇವಳ ಪುಸ್ತಕದಲ್ಲಿರುತ್ತಿತ್ತು. ಅರ್ಥ ಗೊತ್ತಿಲ್ಲದ ಭಾಷೆ! ಆಮೇಲೆ ಅವನು ಹಾಡಿದರೆ ಅಕ್ಷರಕ್ಕೆ ಅಕ್ಷರ ಅದೇ.

ಇಪ್ಪತ್ತೆರಡನೇ ಟೇಪಿನಲ್ಲಿ ಮುದುಕ ಥಟ್ಟನೆ ಹಾಡು ನಿಲ್ಲಿಸಿದ. ಕುರ್ಚಿ ಸರಿದ ಸದ್ದು, ಮೆಷಿನ್ ಆರಿಸಿದ ಸದ್ದು, ಅಷ್ಟೇ. ಮೈಥಿಲಿಯ ಕೈ ಮಾತ್ರ ನಿಲ್ಲಲಿಲ್ಲ. ಅದು ನಿಂತಾಗ ಎಣಿಸಿದಳು, ಹದಿನಾಲ್ಕು ಸಾಲು ಹೆಚ್ಚಾಗಿತ್ತು. ಆ ಸಾಲುಗಳನ್ನು ಟೈಪು ಮಾಡದೆ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು.

ಮೂರು ವಾರಕ್ಕೆ ಅಮ್ಮನ ಕಾಗದ ಬಂತು. “ಚಿ. ಸೌ. ಮೈಥಿಲಿಗೆ ಆಶೀರ್ವಾದಗಳು. ನಿನ್ನ ಕಾಗದ ತಲುಪಿತು. ಅಕ್ಷರ ನಿನ್ನದೇ, ಮುತ್ತು ಪೋಣಿಸಿದ ಹಾಗಿದೆ. ಆದರೆ ಮೂರನೇ ಸಾಲಿನಿಂದ ಮುಂದೆ ಏನು ಬರೆದಿದ್ದೀಯೋ ನನಗೆ ತಿಳಿಯಲಿಲ್ಲ. ಪಕ್ಕದ ಮನೆ ಮೇಷ್ಟ್ರಿಗೆ ತೋರಿಸಿದೆ, ಅವರಿಗೂ ತಿಳಿಯಲಿಲ್ಲ. ಮೈಯಲ್ಲಿ ಹುಷಾರಾಗಿದ್ದೀಯ ತಾನೆ?”

ಆ ಕಾಗದ ತುಂಬ ಮಗಳ ಹುಟ್ಟುಹಬ್ಬದ ಸುದ್ದಿಯನ್ನೇ ಬರೆದೆನೆಂದು ಮೈಥಿಲಿ ನಂಬಿದ್ದಳು. ತಕ್ಷಣ ಕೂತು ಇನ್ನೊಂದು ಬರೆದಳು, ಓದಿ ನೋಡಿದಳು. ಕನ್ನಡ ಅಕ್ಷರ, ಗ್ರೀಕ್ ಮಾತು.

“ನಿಂಗೆ ಟಯರ್ಡ್ ಆಗಿದೆ ಕಣೆ,” ಎಂದ ರಘೋತ್ತಮ. “ಆ ಪ್ರೊಫೆಸರ್‌ಗೆ ಹೇಳಿ ಒಂದು ವೀಕು ಲೀವು ಹಾಕು.”

“ಟಯರ್ಡ್ ಅಲ್ಲ ರೀ. ಒಳಗಡೆ ಏನೋ ನನ್ನ ಮಾತು ತಿನ್ತಾ ಇದೆ,” ಎಂದಳು. ಅವನು ಹಣೆ ಮುಟ್ಟಿ ನೋಡಿ, ಜ್ವರವಿಲ್ಲ ಎಂದ.

ಮೈಥಿಲಿ ಇರೀನಿಗೆ ಎಲ್ಲ ಹೇಳಿಬಿಟ್ಟಳು. ಆಕೆ ಬೈಯಲಿಲ್ಲ. ಹಾಡಿದ ಮುದುಕ ತೀರಿಕೊಂಡಿದ್ದ, ಅವನ ಹೆಂಡತಿ ಸ್ತಾಮಾತಾ ಅಲ್ಲೇ ಹತ್ತಿರದ ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ ಮಗನ ಜೊತೆಗಿದ್ದಳು. ಇರೀನಿ ಮೈಥಿಲಿಯನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಪುಸ್ತಕ ಓದಲು ಇವಳೊಬ್ಬಳಿಗೇ ಬರುತ್ತಿತ್ತಲ್ಲ, ಓದಿದಳು. ಮುದುಕಿ ತಲೆಯಾಡಿಸುತ್ತ ಕೇಳುತ್ತಿದ್ದಳು. ಆ ಹದಿನಾಲ್ಕು ಸಾಲು ಶುರುವಾಗಿದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಅದಕ್ಕೇ ಅವನು ಮೆಷಿನ್ ಆರಿಸಿದ್ದು,” ಎಂದು ಓದು ಮುಗಿದ ಮೇಲೆ ಮುದುಕಿ ಕೈ ತೆಗೆದು ಗ್ರೀಕಿನಲ್ಲಿ ಹೇಳಿದಳು, ಇರೀನಿ ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಆ ಹಾಡು ಒಂದು ಕಾಲಕ್ಕೆ ಒಂದೇ ಬಾಯಲ್ಲಿರುತ್ತದೆ. ಕೊನೆಯ ಹದಿನಾಲ್ಕು ಸಾಲನ್ನು ಕೇಳಿ ಯಾರು ತಿರುಗಿ ಹೇಳುತ್ತಾರೋ ಅವರಿಗೆ ಹತ್ತುತ್ತದೆ, ಮೊದಲಿನವರನ್ನು ಬಿಡುತ್ತದೆ. ಯಾರಿಗೂ ದಾಟಿಸದೆ ಇಟ್ಟುಕೊಂಡರೆ ಉಳಿದ ಮಾತನ್ನೆಲ್ಲ ತಳ್ಳಿ ತಾನೊಂದೇ ಕೂರುತ್ತದೆ. ಯಾರ ಮೇಲೂ ಹೊರಿಸಬಾರದೆಂದು ಮುದುಕ ಇಟ್ಟುಕೊಂಡೇ ಸತ್ತ. ಕಡೆಯ ಮೂರು ವರ್ಷ ನೀರು ಬೇಕೆಂದು ಕೇಳಲೂ ಅವನಿಗೆ ಮಾತಿರಲಿಲ್ಲ, ಹಾಡಿನಲ್ಲಿ ಹೊಳೆ ಬರುವ ಸಾಲನ್ನು ಹೇಳುತ್ತಿದ್ದ. ಅವನು ಸತ್ತ ಮೇಲೆ ಬಾಯಿಲ್ಲದಾದ ಹಾಡು, ಟೇಪಿನ ದಾರಿಯಲ್ಲಿ ಬಂದು ಮೈಥಿಲಿಯ ಕೈ ಹಿಡಿದಿತ್ತು.

“ನನಗೆ ಕೊಡು,” ಎಂದಳು ಇರೀನಿ. ಮುದುಕಿ ಬೇಡವೆಂದು ತಲೆಯಾಡಿಸಿದಳು. ಅರ್ಥ ಹುಡುಕುವವರಿಗೆ ಅದು ಹತ್ತುವುದಿಲ್ಲ, ಕೇಳಿದ್ದನ್ನು ಹಾಗೇ ಹೇಳುವವರು ಬೇಕು. ಆದರೂ ಇರೀನಿ ಆಸೆಯಿಂದ ಮೈಥಿಲಿಯ ಬಾಯಿಂದ ಕೇಳಿ ಹದಿನಾಲ್ಕು ಸಾಲನ್ನೂ ತಿರುಗಿ ಹೇಳಿದಳು. ಏನೂ ಆಗಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿ ಕೂತಳು ಮೈಥಿಲಿ. ಬಾಯಿಗೆ ಬೀಗ ಹಾಕಿಕೊಂಡಳು. ಮಾತು ಹೋಗುವುದು ನಿಲ್ಲಲಿಲ್ಲ. ಒಂದು ದಿನ ‘ಒಗ್ಗರಣೆ’ ಹೋಯಿತು, ಇನ್ನೊಂದು ದಿನ ‘ಬಾಚಣಿಗೆ.’ ಅಮ್ಮನ ಕಾಗದಗಳು ಬರುತ್ತಲೇ ಇದ್ದವು, ಉತ್ತರ ಯಾಕಿಲ್ಲ ಎಂದು. ಇವಳು ಓದುತ್ತ ಅಳುತ್ತಿದ್ದಳು. ಆಮೇಲೆ ಓದಿದ್ದೂ ಅರ್ಧ ತಿಳಿಯದಾಯಿತು. ದಿನಾ ಬೆಳಿಗ್ಗೆ ವಸುಧಾಳ ಜಡೆ ಹೆಣೆಯುವಾಗ ತುಟಿ ಬಿಗಿಹಿಡಿದೇ ಇದ್ದೇನೆಂದು ಅವಳ ನಂಬಿಕೆ. ಹೆಣೆಯುವ ಕೈಗೆ ದನಿ ತಾನಾಗಿ ಸೇರಿಕೊಳ್ಳುತ್ತಿದ್ದದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ತಲೆಯ ಮೇಲಿನ ಹೊರೆ ಇಳಿಸಿದಂತಾಯಿತು. ಡಬ್ಬಿ ತೆಗೆದಳು, ‘ಹುಣಿಸೆಹಣ್ಣು’ ಎಂಬ ಮಾತು ನಾಲಿಗೆಗೆ ಬಂತು. ಒಗ್ಗರಣೆ, ಬಾಚಣಿಗೆ, ಎಲ್ಲ ಬಂದವು. ಓಡಿಹೋಗಿ ಮೇಜಿನ ಮುಂದೆ ಕೂತಳು. “ಮಾತೃಶ್ರೀಯವರ ಪಾದಗಳಿಗೆ ನಮಸ್ಕಾರಗಳು” ಎಂದು ಶುರು ಮಾಡಿ, ಕಣ್ಣೊರೆಸಿಕೊಳ್ಳುತ್ತ ನಾಲ್ಕು ಹಾಳೆ ತುಂಬಿಸಿದಳು. ಎಲ್ಲವೂ ಕನ್ನಡ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

“ವಸು, ಬಾ ಪುಟ್ಟಿ, ಇಲ್ಲಿ ನೋಡು,” ಎಂದು ಕರೆದಳು.

ಮಗಳು ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ, ಕಾರ್ಪೆಟ್ಟಿನ ಮೇಲೆ ಕೂತು ಗೊಂಬೆಗೆ ಜಡೆ ಹಾಕುತ್ತಿದ್ದಾಳೆ. ಇವಳನ್ನು ಕಂಡು ಏನೋ ಹೇಳಲು ಬಾಯಿ ತೆರೆದಳು. ದಿನವೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗುವಿನ ಬಾಯಿಂದ ಬೆಟ್ಟದ ಮುದುಕನ ಸಾಲು ಬಂತು, ಅದೇ ರಾಗ, ಅದೇ ಎಳೆತ. ಮಗು ತಡೆದು ಮತ್ತೆ ಪ್ರಯತ್ನಿಸಿತು, ಇನ್ನೊಂದು ಸಾಲು ಬಂತು. ಕಣ್ಣಲ್ಲಿ ನೀರು ತುಂಬಿ, ಕೈಯಿಂದ ಗಂಟಲು ಹಿಡಿದುಕೊಂಡಿತು.

ಹೊರಗೆ ಮೇಜಿನ ಮೇಲೆ ಅಮ್ಮನಿಗೆ ಬರೆದ ನಾಲ್ಕು ಹಾಳೆ, ಇನ್ನೂ ಸಹಿ ಮಾಡಿರಲಿಲ್ಲ. ಇಲ್ಲಿ ಮಗು. ಇದರಲ್ಲಿ ಯೋಚಿಸುವುದೇನಿತ್ತು? ಮೈಥಿಲಿ ಮಗಳ ಎದುರು ಮಂಡಿಗೆ ಮಂಡಿ ತಾಗುವಂತೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡಳು.

“ಹೆದರ್ಕೋಬೇಡ ಪುಟ್ಟಿ. ಕೊನೇದನ್ನ ಪೂರ್ತಿ ಹೇಳು. ನೀನು ಹೇಳಿದ್ದನ್ನೇ ನಾನೂ ಹೇಳ್ತೀನಿ.”

ಮಗಳು ಒಂದು ಸಾಲು ಹೇಳಿದಳು. ತಾಯಿ ತಿರುಗಿ ಹೇಳಿದಳು. ಎರಡು, ಮೂರು. ಹದಿಮೂರನೆಯದರಲ್ಲಿ ಮೈಥಿಲಿ ನಿಂತು, “ಇನ್ಮೇಲೆ ನಾನು ಏನು ಹಾಡಿದ್ರೂ ನೀನು ತಿರುಗಿ ಹೇಳ್ಬೇಡ ಪುಟ್ಟಿ,” ಎಂದು ಕನ್ನಡದಲ್ಲಿ ಹೇಳಿದಳು. ಆಮೇಲೆ ಹದಿನಾಲ್ಕನೆಯದನ್ನೂ ಹೇಳಿ ಮುಗಿಸಿದಳು.

ವಸುಧಾ ಮೂಗು ಒರೆಸಿಕೊಂಡಳು. “ಅಮ್ಮಾ,” ಎಂದಳು ಸಣ್ಣ ದನಿಯಲ್ಲಿ, “ಐ ಆಮ್ ಹಂಗ್ರಿ.”

ಮೈಥಿಲಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಎದ್ದು ಅಡಿಗೆಮನೆಗೆ ಹೋಗಿ ಮಗಳಿಗೆ ತಟ್ಟೆ ಹಾಕಿದಳು.