ಒಳ್ಳೆಯ ದಿನ ಹುಡುಕಿಕೊಡುವ ತಾರೀಖಮ್ಮ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಛತ್ರದ ಹಿಂಬದಿಯ ಕಬ್ಬಿಣದ ಮೆಟ್ಟಿಲುಗಳನ್ನು ಅರವತ್ತಾರು ವರ್ಷದ ಹೆಂಗಸೊಬ್ಬರು ಒಂದೊಂದಾಗಿ ಹತ್ತುತ್ತಿದ್ದಾರೆ. ಒಟ್ಟು ನಲವತ್ತೊಂದು ಮೆಟ್ಟಿಲು. ಇಪ್ಪತ್ತನೆಯದರಲ್ಲಿ ನಿಂತು ಸುಧಾರಿಸಿಕೊಳ್ಳುವುದು ಈಚಿನ ನಾಲ್ಕೈದು ವರ್ಷಗಳ ರೂಢಿ. ಮೊದಲೆಲ್ಲ ಒಂದೇ ಉಸಿರಿಗೆ ಹತ್ತುತ್ತಿದ್ದೆ ಎಂದು ಹೇಳದೆ ಅವರು ಇಪ್ಪತ್ತೊಂದನೆಯದಕ್ಕೆ ಕಾಲಿಡುವುದಿಲ್ಲ.

ತಾರಸಿಯ ನಡುವೆ ಒಂದು ತಗಡಿನ ಡಬ್ಬ ಇದೆ. ಅದರೊಳಗೆ ಶಾಲೆ ಮಕ್ಕಳ ಸ್ಕೇಲು ಇಳಿಸಿ ನೋಡುತ್ತಾರೆ, ನೀರಿಲ್ಲ. ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿರುವ ಕೆಂಪು ರಿಬ್ಬನ್ನು ಯಾವ ಕಡೆಗೆ ವಾಲಿದೆ ಎಂದು ನೋಡುತ್ತಾರೆ. ಬಗ್ಗಿ, ಅಂಗೈಯನ್ನು ನೆಲಕ್ಕೊತ್ತಿ, ನಿನ್ನೆಯ ಬಿಸಿಲಿನ ಕಾವು ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡ ಪುಸ್ತಕ ತೆಗೆದು ಒಂದೇ ಒಂದು ಸಾಲು ಬರೆಯುತ್ತಾರೆ. 'ಮಳೆ ಇಲ್ಲ. ಗಾಳಿ ಸಣ್ಣದು. ನೆಲ ತಣ್ಣಗಿದೆ.' ಮೂವತ್ತೆಂಟು ವರ್ಷಗಳಿಂದ ಈ ಸಾಲು ಒಂದು ದಿನವೂ ತಪ್ಪಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ಇವರ ಹಳ್ಳ ಈಗ ಮೂವತ್ತೆಂಟು ಪುಸ್ತಕಗಳಾಗಿ ಆಫೀಸಿನ ಬೀರುವಿನಲ್ಲಿ ಕೂತಿದೆ.

ಇವರು ಈ ಮದುವೆ ಛತ್ರದ ಬುಕಿಂಗ್ ಗುಮಾಸ್ತೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಅಂಚೆಯವನಿಂದ ಹಿಡಿದು ಮೂರು ಬೀದಿ ಆಚೆಯ ಹೂವಿನಂಗಡಿಯವರವರೆಗೆ ಎಲ್ಲರಿಗೂ ಇವರು ತಾರೀಖಮ್ಮ. ಮದುವೆ ಗೊತ್ತಾದ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ತಾರೀಖಮ್ಮನ್ನ ಒಂದ್ಸಲ ಕೇಳಿಬಿಡಿ" ಎನ್ನುವುದು.

ಕೇಳಲೇಬೇಕಾದ ಕಾರಣವೂ ಇದೆ. ಈ ಛತ್ರ ಹಳೆಯ ಕಾಲದ್ದು. ವೇದಿಕೆಗೂ ಅಡುಗೆಮನೆಗೂ ಸೂರಿದೆ, ಸುತ್ತ ಜಗಲಿಯಿದೆ, ಆದರೆ ಜನ ಕೂರುವ ದೊಡ್ಡ ಅಂಗಳಕ್ಕೆ ಆಕಾಶವೇ ಸೂರು. ಮುನ್ನೂರು ಕುರ್ಚಿ, ನಡುವೆ ಒಂದು ಮರ, ಮೇಲೆ ದೀಪದ ಸರಗಳು. ಹವೆ ಕೈಹಿಡಿದರೆ ಇದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ಕೈಕೊಟ್ಟರೆ ಬೀಗರ ಮುಂದೆ ಮಾನ ಮಳೆನೀರಿನಲ್ಲಿ ಕೊಚ್ಚಿಹೋಗುತ್ತದೆ.

ಮದುವೆ ಮಾಡಿ ನೋಡು ಎಂದ ಹಿರಿಯರು ತಾರೀಖು ಹುಡುಕಿ ನೋಡು ಎಂದೂ ಸೇರಿಸಬಹುದಿತ್ತು. ಹುಡುಗನಿಗೆ ರಜೆ ಇದ್ದಾಗ ಹುಡುಗಿಗೆ ಪರೀಕ್ಷೆ. ಇಬ್ಬರಿಗೂ ಬಿಡುವಾದರೆ ಅಡುಗೆಯವರಿಗೆ ಬಿಡುವಿಲ್ಲ. ಅಡುಗೆಯವರು ಸಿಕ್ಕರೆ ಪಕ್ಕದ ಶಾಲೆಯಲ್ಲಿ ಪರೀಕ್ಷೆ, ಮೈಕು ಹಾಕುವಂತಿಲ್ಲ. ಎಲ್ಲ ಕೂಡಿಬಂತು ಎನ್ನುವಾಗ ಮೊದಲ ಮಳೆ ಬಿದ್ದ ಮಾರನೆಯ ಸಂಜೆ. ದೀಪಕ್ಕೆ ಮುತ್ತುವ ರೆಕ್ಕೆಹುಳುಗಳು ನೇರ ಊಟದ ತಟ್ಟೆಗೆ ಇಳಿಯುತ್ತವೆ. ತಾರೀಖಮ್ಮನ ಪುಸ್ತಕಗಳಲ್ಲಿ ಇದೆಲ್ಲಕ್ಕೂ ಜಾಗವಿದೆ. ಮಳೆಗೊಂದು ಕಾಲಂ, ಗಾಳಿಗೊಂದು, ಬಿಸಿಲಿಗೊಂದು, ಕೊನೆಯಲ್ಲಿ 'ಇತರೆ'. ಹಳೆಯ ಪುಸ್ತಕವೊಂದರ ಇತರೆಯಲ್ಲಿ ಹೀಗಿದೆ: 'ಹುಳು ಬಹಳ. ವರನ ಸೋದರಮಾವ ಮುನಿಸಿಕೊಂಡು ಎದ್ದು ಹೋದರು. ಊಟದ ಹೊತ್ತಿಗೆ ವಾಪಸ್ ಬಂದರು.'

ವರ್ಷಕ್ಕೆ ಸುಮಾರು ಅರವತ್ತು ಮದುವೆ. ಇವರು ದಿನ ನೋಡಿಕೊಟ್ಟ ಮದುವೆಗಳ ಲೆಕ್ಕ ಎರಡು ಸಾವಿರದ ಇನ್ನೂರು ದಾಟಿದೆ. ತಾರೀಖು ಕೇಳಲು ಬಂದವರನ್ನು ಇವರು ಮೊದಲು ಕೇಳುವ ಪ್ರಶ್ನೆ ಮದುಮಕ್ಕಳ ಬಗ್ಗೆ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರು, ಅವರಿಗೆ ಬಿಸಿಲು ಆಗುವುದಿಲ್ಲವೋ ಚಳಿ ಆಗುವುದಿಲ್ಲವೋ ಎಂದು ಕೇಳುತ್ತಾರೆ.

"ಹುಡುಗ ಹುಡುಗಿಗೆ ಆವತ್ತು ಬೆಂಕಿ ಮಳೆ ಸುರಿದರೂ ಗೊತ್ತಾಗಲ್ಲ" ಎನ್ನುತ್ತಾರೆ ತಾರೀಖಮ್ಮ. "ಮೂಲೇಲಿ ಕೂತಿರೋ ಅಜ್ಜಿಗೆ ಗೊತ್ತಾಗತ್ತೆ. ದಿನ ನೋಡಬೇಕಾದ್ದು ಅವರಿಗೆ."

ಇದು ಅವರಿಗೆ ಹುಟ್ಟಿನಿಂದ ಬಂದ ಜಾಣತನವೇನಲ್ಲ. ಗಂಡ ಇದೇ ಛತ್ರದಲ್ಲಿ ಲೈಟು, ಮೈಕು ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡಾಗ ಇವರಿಗೆ ಇಪ್ಪತ್ತೆಂಟು, ಮಗಳಿಗೆ ಒಂಬತ್ತು. ಆಗಿನ ಮ್ಯಾನೇಜರು ಕರೆದು ಬುಕಿಂಗ್ ಮೇಜಿನ ಮುಂದೆ ಕೂರಿಸಿದರು. ಕ್ಯಾಲೆಂಡರಿನಲ್ಲಿ ಚೌಕ ಖಾಲಿ ಇದ್ದರೆ ಬರೆದುಕೊಡುವುದು, ತುಂಬಿದ್ದರೆ ಇಲ್ಲ ಎನ್ನುವುದು, ಅಷ್ಟೇ ಕೆಲಸ ಎಂದು ಇವರು ಅಂದುಕೊಂಡಿದ್ದರು. ಎರಡನೆಯ ತಿಂಗಳಲ್ಲೇ ಇವರು ಕೊಟ್ಟ ಒಂದು ದಿನ ಮಧ್ಯಾಹ್ನ ಗಾಳಿಮಳೆ ಎದ್ದು, ಬಿಸಿಲಿಗೆಂದು ಅಂಗಳಕ್ಕೆ ಕಟ್ಟಿದ್ದ ಶಾಮಿಯಾನ ಜನರ ಮೇಲೆ ಕವುಚಿಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಒದ್ದೆ ಬಟ್ಟೆಯಡಿಯಿಂದ ಮದುಮಗಳ ಅಜ್ಜಿಯನ್ನು ಹೊರಗೆಳೆದಾಗ ಆ ಮುದುಕಿ ಮುಖ ಒರೆಸಿಕೊಂಡು, ಈ ದಿನ ಕೊಟ್ಟವರು ಯಾರು ಎಂದು ಕೇಳಿದರಂತೆ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಮ್ಯಾನೇಜರು ಸಮಾಧಾನ ಹೇಳಿದರು. ಇವರಿಗೆ ಸಮಾಧಾನವಾಗಲಿಲ್ಲ. ಮಾರನೆಯ ಬೆಳಿಗ್ಗೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಿಗೆ ಗೆರೆ ಎಳೆದು ತಾರಸಿ ಹತ್ತಿದರು. ಮೊದಲ ಪುಸ್ತಕದ ಮುಂಭಾಗದಲ್ಲಿ ಈಗಲೂ ನಾಲ್ಕನೆಯ ತರಗತಿಯ ಮಗ್ಗಿ ಇದೆ.

ಆ ಪುಸ್ತಕಗಳನ್ನು ತಿರುವುತ್ತಾ ಹೋದರೆ ಅಲ್ಲಲ್ಲಿ ಅಕ್ಷರ ಬದಲಾಗುತ್ತದೆ. ತಾಯಿಗೆ ಜ್ವರ ಬಂದ ದಿನಗಳಲ್ಲಿ ಮಗಳು ಹತ್ತಿ ಬರೆದ ಸಾಲುಗಳವು. ದುಂಡು ದುಂಡಾಗಿ ಒಂದು ಕಡೆ ಹೀಗಿದೆ: 'ಮಳೆ ಬಂತು. ಸ್ಕೇಲು ಡಬ್ಬದಲ್ಲಿ ಬಿತ್ತು. ತೆಗೆದೆ. ಅಮ್ಮನಿಗೆ ಹುಷಾರಿಲ್ಲ.' ಅದನ್ನು ತೋರಿಸುವಾಗ ತಾರೀಖಮ್ಮನ ಬೆರಳು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಆಗೆಲ್ಲ ತಾಯಿ ಮಗಳು ಛತ್ರದ ಹಿಂದಿನ ಒಂದೇ ಕೋಣೆಯಲ್ಲಿದ್ದರು. ಸಂಜೆ ಮದುವೆ ಮುಗಿದ ಮೇಲೆ ಖಾಲಿ ಅಂಗಳದಲ್ಲಿ ಮಗಳು ಕುರ್ಚಿ ಸಾಲುಗಳ ನಡುವೆ ಓಡುತ್ತಿದ್ದಳು, ಇವರು ಬಿದ್ದ ಹೂವು ಗುಡಿಸುತ್ತಿದ್ದರು. ಆ ಕಾಲ ಚೆನ್ನಾಗಿತ್ತು ಎನ್ನುತ್ತಾರೆ. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಚೆನ್ನಾಗಿತ್ತು.

ಆ ಮಗಳ ಮದುವೆಯ ಕಥೆಯೇ ಬೇರೆ. ಇಪ್ಪತ್ತೇಳು ವರ್ಷದ ಹಿಂದೆ, ಮೇ ತಿಂಗಳಲ್ಲಿ ಸಂಬಂಧ ಕುದುರಿತು. ಹುಡುಗನಿಗೆ ವರ್ಗವಾಗಿತ್ತು, ಜುಲೈ ಮುಗಿಯುವುದರೊಳಗೆ ಮದುವೆ ಆಗಲೇಬೇಕಿತ್ತು. ಜೂನಿನಲ್ಲಿ ಉಳಿದಿದ್ದ ಒಳ್ಳೆಯ ದಿನಗಳನ್ನೆಲ್ಲ ಇವರು ಕಂಡವರಿಗೆ ಬರೆದುಕೊಟ್ಟಾಗಿತ್ತು. ಯಾರನ್ನಾದರೂ ಒಂದು ವಾರ ಮುಂದೆ ಹಾಕೋಣ ಎಂದು ಮ್ಯಾನೇಜರೇ ಹೇಳಿದರು. ಕೊಟ್ಟ ದಿನ ಕೊಟ್ಟಾಯಿತು ಎಂದು ಇವರು ಒಪ್ಪಲಿಲ್ಲ. ಕೊನೆಗೆ ಯಾರಿಗೂ ಬೇಡವಾಗಿ ಉಳಿದಿದ್ದ ಜುಲೈ ಎರಡನೆಯ ಭಾನುವಾರ ಮಗಳ ಪಾಲಿಗೆ ಬಂತು. ಆ ದಿನದ ಸಾಲು ಪುಸ್ತಕದಲ್ಲಿದೆ: 'ಮಳೆ ಅರವತ್ತೆರಡು ಮಿ.ಮೀ. ಗಾಳಿ ಜೋರು.' ಇತರೆ ಕಾಲಂ ಖಾಲಿ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಮಗಳು ಇಪ್ಪತ್ತೇಳು ವರ್ಷಗಳಿಂದ ಹಂಗಿಸುತ್ತಲೇ ಬಂದಿದ್ದಾರೆ. ನಗುತ್ತಲೇ ಹೇಳುತ್ತಾರೆ, ಆದರೆ ಹೇಳದೆ ಬಿಡುವುದಿಲ್ಲ. ತಾಯಿಗೆ ಅದು ಒಳಗೊಳಗೇ ಚುಚ್ಚುತ್ತದೆ.

ಹಾಗಾಗಿಯೇ ಕಳೆದ ವರ್ಷ ಮೊಮ್ಮಗಳ ಮದುವೆ ಗೊತ್ತಾದಾಗ ತಾರೀಖಮ್ಮ ಆಗ ಇದ್ದ ಮೂವತ್ತೇಳು ಪುಸ್ತಕಗಳನ್ನೂ ನೆಲದ ಮೇಲೆ ಹರಡಿಕೊಂಡು ಕೂತರು. ನಾಲ್ಕು ದಿನ ನೋಡಿ ಒಂದು ತಾರೀಖು ಹೆಕ್ಕಿದರು, ಈ ವರ್ಷದ ನವೆಂಬರ್ ಹದಿನೆಂಟು. ಅಷ್ಟೂ ವರ್ಷಗಳಲ್ಲಿ ಆ ದಿನ ಮಳೆ ಬಂದದ್ದು ಎರಡೇ ಸಲ. ಬಿಸಿಲು ಹದ, ಚಳಿ ಇನ್ನೂ ಕಾಲಿಟ್ಟಿರುವುದಿಲ್ಲ. ಇದಕ್ಕಿಂತ ಒಳ್ಳೆಯ ದಿನ ಕ್ಯಾಲೆಂಡರಿನಲ್ಲೇ ಇಲ್ಲ.

ತೊಡಕು ರಜೆಯದು. ಮೊಮ್ಮಗಳು ಆಸ್ಪತ್ರೆಯಲ್ಲಿ ನರ್ಸು, ಅವಳು ಹೇಗೋ ಹೊಂದಿಸಿಕೊಳ್ಳುತ್ತಾಳೆ. ಹುಡುಗ ರೈಲು ಓಡಿಸುವವನು, ನವೆಂಬರಿನ ರಜೆ ಸಿಗುತ್ತದೋ ಇಲ್ಲವೋ ಈಗಲೇ ಹೇಳುವಂತಿಲ್ಲ. ಛತ್ರದಲ್ಲಿ ಒಂದು ಕಟ್ಟಳೆ ಇದೆ, ಮಾಡಿದವರೂ ತಾರೀಖಮ್ಮನೇ. ಮನಸ್ಸು ಗಟ್ಟಿ ಮಾಡಿಕೊಳ್ಳದವರಿಗೆ ದಿನವನ್ನು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. ಏಳು ದಿನದೊಳಗೆ ಅದು ಶಾಯಿಯಾಗಬೇಕು, ಇಲ್ಲದಿದ್ದರೆ ಎಂಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಳಿಸಬೇಕು. ಮೂವತ್ತೆಂಟು ವರ್ಷಗಳಲ್ಲಿ ಯಾವ ಸಿರಿವಂತನಿಗೂ ಇದು ಸಡಿಲವಾದದ್ದಿಲ್ಲ. ಅಂಥವರು ಮೊಮ್ಮಗಳ ದಿನವನ್ನು ಪ್ರತಿ ಬುಧವಾರ ಹತ್ತಕ್ಕೆ ಸರಿಯಾಗಿ ಅಳಿಸಿ, ಹತ್ತು ಗಂಟೆ ಒಂದು ನಿಮಿಷಕ್ಕೆ ಮತ್ತೆ ಬರೆಯತೊಡಗಿದರು. ಯಾರಿಗೂ ಹೇಳಲಿಲ್ಲ. ಕಟ್ಟಳೆ ಮುರಿದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಹದಿನಾಲ್ಕು ವಾರ ಹೀಗೇ ನಡೆಯಿತು.

ಹೋದ ತಿಂಗಳು ಒಂದು ಮಂಗಳವಾರ, ಮುಖ್ಯರಸ್ತೆಯ ಟೈಲರ್ ತಮ್ಮ ಮಗಳ ಮದುವೆಗೆ ದಿನ ಕೇಳಲು ಬಂದರು. ತಾರೀಖಮ್ಮ ರೂಢಿಯಂತೆ ಮೊದಲ ಪ್ರಶ್ನೆ ಕೇಳಿದರು. ಮನೆಯಲ್ಲಿ ಎಂಬತ್ತಾರು ವರ್ಷದ ತಾಯಿ, ಉಬ್ಬಸ, ತೇವವೂ ಆಗದು, ಚಳಿಯೂ ಆಗದು ಎಂದರು ಟೈಲರ್. ಅಂಥ ಅಜ್ಜಿಗೆ ಹೊಂದುವ ದಿನ ಇಡೀ ವರ್ಷದಲ್ಲಿ ಒಂದೇ. ಅದು ಯಾವುದೆಂದು ಕೇಳಿದವರಿಗಿಂತ ಹೇಳಬೇಕಾದವರಿಗೇ ಚೆನ್ನಾಗಿ ಗೊತ್ತಿತ್ತು. ಆ ದಿನ ಪೆನ್ಸಿಲ್ಲಿನಲ್ಲಿದೆ ಎಂದು ತಾರೀಖಮ್ಮ ಪುಸ್ತಕ ತಿರುಗಿಸಿ ತೋರಿಸಿದರು. ಟೈಲರ್ ಬರಹ ಓದಲಿಲ್ಲ. ಅವರ ಬೆರಳು ಹಾಳೆಯನ್ನು ಸವರಿತು. ಹದಿನೆಂಟರ ಚೌಕ ರಬ್ಬರು ತಿಂದು ತಿಂದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು.

"ಬಟ್ಟೆ ಮುಟ್ಟಿದರೆ ಎಷ್ಟು ಸಲ ಒಗೆದಿದ್ದಾರೆ ಅಂತ ನನಗೆ ಗೊತ್ತಾಗತ್ತಮ್ಮ" ಎಂದರು ಅವರು ಮೆಲ್ಲಗೆ. "ಇದನ್ನ ಎಷ್ಟು ಸಲ ಅಳಿಸಿದೀರಿ?"

ತಾರೀಖಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹದಿನಾಲ್ಕು ಸಲ ಎಂದರು. ನಾಳೆ ಹತ್ತಕ್ಕೆ ಬನ್ನಿ ಎಂದು ಕಳಿಸಿದರು. ಆ ಸಂಜೆ ಮಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡರು. ಇನ್ನೊಬ್ಬರ ಅಜ್ಜಿಗೆ ಬೇಕಾದ ದಿನವನ್ನು ಬಚ್ಚಿಟ್ಟುಕೊಂಡೆ, ಬಿಟ್ಟುಕೊಟ್ಟರೆ ಎರಡನೆಯ ಸಲವೂ ನಿನ್ನ ಮನೆಗೆ ಮಳೆಯನ್ನೇ ಕಳಿಸಿದ ಹಾಗಾಗುತ್ತದೆ, ಏನು ಮಾಡಲಿ ಎಂದು ಕೇಳಿದರು.

ಮಗಳು ಒಳಗೆ ಹೋಗಿ ತಮ್ಮ ಮದುವೆಯ ಆಲ್ಬಮ್ ತಂದರು. ನೂರಾರು ಫೋಟೋಗಳಲ್ಲಿ ತಾರೀಖಮ್ಮ ಇರುವುದು ಎರಡರಲ್ಲಿ. ಎರಡರಲ್ಲೂ ಕತ್ತು ಮೇಲೆತ್ತಿ ಆಕಾಶ ನೋಡುತ್ತಿದ್ದಾರೆ.

"ಮದುವೆ ದಿನ ನಾನು ಅತ್ತಿದ್ದು ಮಳೆಗೆ ಅಂದ್ಕೊಂಡಿದೀಯಾ ಅಮ್ಮ?" ಎಂದರು ಮಗಳು. "ಮಳೆಗೆ ನಾನು ಹುಟ್ಟಿದಾಗಿಂದ ನೆನೆದಿದೀನಿ. ಅವತ್ತು ಇಡೀ ದಿನ ನೀನು ಒಂದು ಸಲಾನೂ ನನ್ನ ಮುಖ ನೋಡಲಿಲ್ಲ."

ಬುಧವಾರ ಹತ್ತಕ್ಕೆ ತಾರೀಖಮ್ಮ ಹದಿನೈದನೆಯ ಸಲ ಅಳಿಸಿದರು. ಹಾಳೆ ಹರಿಯಿತು. ಹಿಂದಿನಿಂದ ಒಂದು ಚೂರು ಕಾಗದ ಅಂಟಿಸಿ ಅದರ ಮೇಲೆ ಟೈಲರ್ ಮನೆಯ ಹೆಸರನ್ನು ಶಾಯಿಯಲ್ಲಿ ಬರೆದರು. ಹತ್ತೂವರೆಗೆ ಮಗಳು ಬಂದು, ಎಲ್ಲರಂತೆ ಸಾಲಿನಲ್ಲಿ ನಿಂತು, ಜುಲೈ ಎರಡನೆಯ ಭಾನುವಾರ ಕೊಡಿ ಎಂದು ಕೇಳಿದರು. ಜುಲೈಯಲ್ಲಿ ರೈಲಿನವರಿಗೆ ರಜೆ ಬೇಕಾದಷ್ಟು ಸಿಗುತ್ತದಂತೆ. ಸೂರಿನಡಿಯ ಜಗಲಿಯಲ್ಲಿ ನೂರಿಪ್ಪತ್ತು ಜನ ಕೂರಬಹುದು, ಅಷ್ಟೇ ಜನರನ್ನು ಕರೆದರಾಯಿತು. ಮೂವತ್ತೇಳರಲ್ಲಿ ಇಪ್ಪತ್ತೊಂಬತ್ತು ವರ್ಷ ಆ ಭಾನುವಾರ ಮಳೆ ಸುರಿದಿದೆ ಎಂದು ತಾರೀಖಮ್ಮ ಕೆಲಸದ ನಿಯಮದಂತೆ ಎಚ್ಚರಿಸಿದರು. ಎಲ್ಲರನ್ನೂ ಕೇಳುವಂತೆ, ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರು ಎಂದೂ ಕೇಳಿದರು. ಇಲ್ಲೇ ಕೂತಿದ್ದಾರಲ್ಲ ಎಂದರು ಮಗಳು. ಇಬ್ಬರಿಗೂ ನಗು ಬಂತು, ಆಮೇಲೆ ಅಳುವೂ ಬಂತು. ಹಿಂದೆ ನಿಂತಿದ್ದವರು ಸುಮ್ಮನೆ ಕಾದರು.

ಮೇಜಿನ ಮೇಲೆ ಈಗ ತಾರೀಖಮ್ಮನ ರಜೆಯ ಅರ್ಜಿ ಇದೆ, ಛತ್ರಕ್ಕೆ ಸೇರಿದ ಮೇಲೆ ಬರೆದ ಮೊದಲನೆಯದು. ಎರಡು ಸಾವಿರಕ್ಕೂ ಮಿಕ್ಕಿ ಮದುವೆ ಕಂಡವರು ಒಂದರಲ್ಲೂ ಕುರ್ಚಿಯಲ್ಲಿ ಕೂತವರಲ್ಲ. ಈ ಸಲ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಬೇಕು, ಅಷ್ಟೇ ಆಸೆ ಎನ್ನುತ್ತಾರೆ. ಹಾಗಾದರೆ ಆ ಬೆಳಿಗ್ಗೆ ತಾರಸಿ ಹತ್ತುವವರು ಯಾರು, ಪುಸ್ತಕದ ಸಾಲು ಬರೆಯುವವರು ಯಾರು ಎಂದರೆ ಅವರು ಸ್ಕೇಲನ್ನು ಸೆರಗಿನಿಂದ ಒರೆಸಿ ಡ್ರಾಯರಿನಲ್ಲಿ ಇಡುತ್ತಾರೆ.

"ಅದೊಂದು ಸಾಲು ಖಾಲಿ ಇರಲಿ ಬಿಡಿ. ಮಳೆ ಬಂತೋ ಇಲ್ವೋ ಅಂತ ಆಮೇಲೆ ಯಾರಾದ್ರೂ ಹೇಳ್ತಾರೆ. ನಾನು ಹುಡುಗಿ ಮುಖ ನೋಡ್ತಾ ಇರ್ತೀನಿ. ಪಕ್ಕದಲ್ಲಿ ಅವಳಮ್ಮ ಇರ್ತಾಳಲ್ಲ, ಅವಳ ಮುಖಾನೂ."