ಮೈಕಿನ ಮುಂದೆ ಚಾಚಿದ ಕೈ

ದೊಡ್ಡೇರಿ ಹೋಬಳಿಯ ನಮ್ಮೂರಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿರುವ ದೊಡ್ಡರಂಗಯ್ಯನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಭಾಷಣ ಕೇಳುವ ಚಟ ಒಂದೇ. ಮಧುಗಿರಿಯಲ್ಲೋ ಶಿರಾದಲ್ಲೋ ಶಾಮಿಯಾನ ಎದ್ದಿದೆ ಅಂತ ಗೊತ್ತಾದರೆ ಸಾಕು, ಮಿಲ್ಲಿನ ಬೆಲ್ಟು ಕಳಚಿಟ್ಟು ಬಸ್ಸು ಹತ್ತುತ್ತಾನೆ. ಯಾವ ಪಕ್ಷ, ಯಾವ ಸಂಘ, ಯಾರ ಜಯಂತಿ ಎಂದು ವಿಚಾರಿಸುವವನಲ್ಲ. ಮುಂದಿನ ಸಾಲಿನ ಕುರ್ಚಿ ಹಿಡಿದು ಬಾಯಿ ತೆರೆದುಕೊಂಡು ಕೂರುತ್ತಾನೆ. ಎಲ್ಲರೂ ಊಟಕ್ಕೆ ಓಡಿದ ಮೇಲೂ ವಂದನಾರ್ಪಣೆಯನ್ನು ಪೂರ್ತಿ ಕೇಳಿಸಿಕೊಳ್ಳುವ ಮನುಷ್ಯ ತಾಲ್ಲೂಕಿಗೆಲ್ಲ ಅವನೊಬ್ಬನೇ ಇರಬೇಕು.

ಬರೀ ಕೇಳಿ ಎದ್ದು ಬಂದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಈಗಿನ ಭಾಷಣಕಾರರಿಗೆ ಕೊನೆಯಲ್ಲಿ ಪ್ರತಿಜ್ಞೆ ಮಾಡಿಸುವ ಹುಚ್ಚು ಹಿಡಿದಿದೆಯಲ್ಲ. ‘ಎಲ್ಲರೂ ಬಲಗೈ ಮುಂದಕ್ಕೆ ಚಾಚಿ’ ಎನ್ನುತ್ತಾರೆ. ಜನ ಚಾಚುತ್ತಾರೆ, ಅದೇ ಕೈಯಲ್ಲಿ ಊಟದ ತಟ್ಟೆ ಹಿಡಿದು ಎಲ್ಲ ಮರೆಯುತ್ತಾರೆ. ದೊಡ್ಡರಂಗಯ್ಯ ಮಾತ್ರ ಮರೆಯುವುದಿಲ್ಲ. ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೆಂಡತಿಗೆ ಕೊಟ್ಟ ಮಾತು ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಹಾರಿಹೋಗಿರುತ್ತದೆ. ಮೈಕಿನ ಮುಂದೆ ಕೊಟ್ಟ ಮಾತು ಪ್ರಾಣ ಹೋದರೂ ಉಳಿಯಬೇಕು.

ಕೊರಟಗೆರೆಯಲ್ಲಿ ಪ್ಲಾಸ್ಟಿಕ್ ಬಿಡುತ್ತೇನೆಂದು ಕೈ ಚಾಚಿ ಬಂದವನು ಅದೇ ದಿನ ಮೊಸರನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದ. ಪಾವಗಡದಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡಿದವರೊಬ್ಬರು ಬೆಳಗೆದ್ದು ಗಟ್ಟಿಯಾಗಿ ನಕ್ಕರೆ ಆಯಸ್ಸು ಹೆಚ್ಚುತ್ತದೆ ಅಂದರು. ಇವನು ಕೋಳಿ ಕೂಗುವ ಮುಂಚೆ ಹಿತ್ತಲಲ್ಲಿ ನಿಂತು ಹೋ ಎಂದು ನಕ್ಕ. ಪಕ್ಕದ ಮನೆಯವರು ದೊಣ್ಣೆ ಹಿಡಿದು ಓಡಿ ಬಂದರು.

ಅವನ ಹೆಂಡತಿ ಗಂಗಲಕ್ಷ್ಮಮ್ಮ ಗಟ್ಟಿಗಿತ್ತಿ, ಇದನ್ನೆಲ್ಲ ಸಹಿಸಿಕೊಂಡಿದ್ದಳು. ಈ ಸಲ ಅವಳೇ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಳು. ಕಾರಣ ಬೀದಿಯ ಚರಂಡಿ. ಬಾಯಿ ತೆರೆದುಕೊಂಡು ನಾರುವ ಆ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಹಳೇ ಮೆಂಬರು ಅಡವಯ್ಯನಿಗೆ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಕೊನೆಗೊಂದು ದಿನ ಮದುವೆಗೆಂದು ರೇಷ್ಮೆ ಸೀರೆ ಉಟ್ಟು ಹೊರಟವಳು ಅದರೊಳಕ್ಕೇ ಬಿದ್ದಳು. ಎದುರು ಕಟ್ಟೆಯ ಮೇಲೆ ಕೂತಿದ್ದ ಅಡವಯ್ಯ ಎತ್ತುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಗೆದ್ದು ಬಂದು ಅದಕ್ಕೆ ಚಪ್ಪಡಿ ಮುಚ್ಚಿಸುವ ತನಕ ಆ ಸೀರೆ ಉಡುವುದಿಲ್ಲವೆಂದು ಗಂಗಲಕ್ಷ್ಮಮ್ಮ ಅವತ್ತೇ ತೀರ್ಮಾನ ಮಾಡಿದಳು. ಎದುರಾಳಿ ಅದೇ ಅಡವಯ್ಯ. ಅವಳಿಗೆ ಸಿಕ್ಕ ಚುನಾವಣಾ ಗುರುತು ಕುಕ್ಕರ್.

ದೊಡ್ಡರಂಗಯ್ಯನ ಸಂಭ್ರಮ ಕೇಳಬೇಡಿ. ಜನಸೇವೆ, ಪ್ರಜಾಪ್ರಭುತ್ವ ಎಂದು ಇಷ್ಟು ವರ್ಷ ಕೇಳಿದ್ದೆಲ್ಲ ಈಗ ಅವನ ಮನೆ ಬಾಗಿಲಿಗೇ ಬಂದಿತ್ತು. ಗ್ರಹಚಾರ ನೋಡಿ, ಅದೇ ವಾರ ಪಟ್ಟನಾಯಕನಹಳ್ಳಿಯಲ್ಲಿ ಪ್ರೊಫೆಸರೊಬ್ಬರು, ರಾಜಕೀಯ ಕೆಟ್ಟಿರುವುದು ಸುಳ್ಳಿನಿಂದ ಎಂದು ಮನಮುಟ್ಟುವ ಹಾಗೆ ಮಾತಾಡಿ, ಚುನಾವಣೆ ಮುಗಿಯುವವರೆಗೂ ಒಂದು ಸುಳ್ಳನ್ನೂ ಆಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿಬಿಟ್ಟರು.

“ಯೋವ್, ಸುಳ್ಳು ಹೇಳ್ಬ್ಯಾಡ, ಆಗ್ಲಿ. ಸುಮ್ಕಾದ್ರೂ ಇರು,” ಅಂದಳು ಗಂಗಲಕ್ಷ್ಮಮ್ಮ.

“ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ವೇನೇ. ಸುಮ್ಕಿದ್ರೆ ಅದೂ ಸುಳ್ಳೇ ಅಂತ ಪ್ರೊಫೆಸರ್ರು ಹೇಳವ್ರೆ.”

ಸತ್ಯದ ಮೊದಲ ಪೆಟ್ಟು ಮಿಲ್ಲಿಗೇ ಬಿತ್ತು. ರಾಗಿ ಬೀಸಿಸಲು ಬಂದವರೊಬ್ಬರು ಹಿಟ್ಟು ಸ್ವಲ್ಪ ಕಮ್ಮಿ ಕಾಣುತ್ತದಲ್ಲ ಎಂದು ಸುಮ್ಮನೆ ಕೇಳಿದ್ದಕ್ಕೆ, “ಒಂದೀಟು ಬೀಸೋ ಕಲ್ಲಲ್ಲೇ ನಿಂತ್ಕತದೆ, ಆಮೇಲೆ ಗೋರ್ಕಂಡು ನಮ್ಮ ಹಸಕ್ಕೆ ಹಾಕ್ತೀವಿ” ಎಂದು ಹೇಳಿ ಕೈ ಮುಗಿದ.

ಎರಡನೆಯ ಪೆಟ್ಟು ಪ್ರಚಾರಕ್ಕೆ. ಮಧುಗಿರಿ ಕಾಲೇಜಿಗೆ ಹೋಗುವ ಮಗಳು ರಕ್ಷಾಳ ಜೊತೆ ಕರಪತ್ರ ಹಿಡಿದು ಚನ್ನಮಲ್ಲಮ್ಮನ ಮನೆಗೆ ಹೋದ. ಹಲ್ಲಿಲ್ಲದ ಮುದುಕಿ ಕುಕ್ಕರಿನ ಚಿತ್ರ ನೋಡಿ, “ಗುರ್ತೇನೋ ಚೆನ್ನಾಗೈತೆ. ನಿನ್ನೆಂಡ್ರು ಅಡುಗೆ ಹೆಂಗಪ್ಪಾ?” ಎಂದು ತಮಾಷೆ ಮಾಡಿದಳು.

“ಸಾರು ಬಾಳ ಚೆನ್ನಾಗಿ ಮಾಡ್ತಾಳಜ್ಜಿ.”

“ಮುದ್ದೆ?”

ರಕ್ಷಾ ಹಿಂದಿನಿಂದ ಚಿವುಟಿದಳು. ಅವನು ಬಲಗೈಯನ್ನೊಮ್ಮೆ ನೋಡಿಕೊಂಡು, “ಮುದ್ದೇಲಿ ಗಂಟಿರ್ತವೆ,” ಅಂದುಬಿಟ್ಟ.

ನಮ್ಮ ಕಡೆ ಹೆಂಗಸನ್ನು ಜಗಳಗಂಟಿ ಅನ್ನಿ, ಜಿಪುಣಿ ಅನ್ನಿ, ಅವಳು ನಾಳೆಗೆ ಮರೆತಾಳು. ಮುದ್ದೆಯಲ್ಲಿ ಗಂಟಿದೆ ಅಂದರೆ ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ. ಸಂಜೆಯೊಳಗೆ ಸುದ್ದಿ ಊರೆಲ್ಲ ಓಡಾಡಿತು. ಅಡವಯ್ಯ ಆಟೋಗೆ ಮೈಕು ಕಟ್ಟಿಸಿಕೊಂಡು ಬಂದೇಬಿಟ್ಟ. “ನೆಟ್ಟಗೆ ಮುದ್ದೆ ಮಾಡಕ್ಕೆ ಬರ್ದೋರು ಪಂಚಾಯ್ತಿ ಮಾಡ್ತಾರಂತೆ. ಇದು ನನ್ನ ಮಾತಲ್ಲ, ಅವ್ರ ಗಂಡಂದು. ಆತ ಸುಳ್ಳು ಹೇಳೋನಲ್ಲ.”

ಗಂಗಲಕ್ಷ್ಮಮ್ಮ ಒಲೆ ಮುಂದೆ ಕೂತು ಅತ್ತಳು. “ಇನ್ನು ಯಾವ ಮುಖ ಇಟ್ಕಂಡು ವೋಟು ಕೇಳ್ಲಿ. ಆ ಚರಂಡಿಗೆ ನನ್ನನ್ನ ನೀನೇ ಎರಡ್ನೇ ಸಲ ತಳ್ಳಿದೆ.”

ದೊಡ್ಡರಂಗಯ್ಯ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹೆಂಡತಿ ಬಾಯಿ ತುಂಬ ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಅಳುವುದನ್ನು ಅವನು ನೋಡಿದವನಲ್ಲ. ಆದರೂ ಹೇಳಿದ್ದು ಸುಳ್ಳೆಂದು ಹೇಳುವಂತಿಲ್ಲ, ಅದೇ ಸುಳ್ಳಾಗುತ್ತದೆ. ಅವತ್ತು ಅವನಿಗೆ ಮುದ್ದೆ ಬಡಿಸಲಿಲ್ಲ. ಅಂಗಡಿಯ ಬನ್ನು ತಿಂದು ಮಲಗಿದ.

ಮತದಾನಕ್ಕೆ ಇನ್ನೇನು ಬಂತು ಅನ್ನುವಾಗ, ಅಡವಯ್ಯನಿಗೆ ಗೆದ್ದೇಬಿಟ್ಟೆನೆಂಬ ಕೊಬ್ಬು ಬಂತು. ಮರುಳಸಿದ್ದಯ್ಯನ ಟೀ ಅಂಗಡಿಯಲ್ಲಿ ಜನ ಸೇರಿದ್ದರು. ಮೂಲೆಯಲ್ಲಿ ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದ ದೊಡ್ಡರಂಗಯ್ಯನನ್ನು ನೋಡಿ, “ಬಾರಪ್ಪ ಸತ್ಯವಂತ,” ಎಂದು ಕರೆದ. “ಎಲ್ರ ಮುಂದೆ ಹೇಳು. ನಾನು ಸಿಮೆಂಟು ರಸ್ತೆ ಮಾಡ್ಸಿದ್ನೋ ಇಲ್ವೋ?”

“ಮಾಡ್ಸಿದ್ದೀರಣ್ಣ.”

ಅಡವಯ್ಯ ಸುತ್ತಲೂ ನೋಡಿ ಮೀಸೆ ತೀಡಿದ. ಅಷ್ಟಕ್ಕೇ ನಿಲ್ಲಿಸಬಾರದಾಗಿತ್ತೇ? “ಹೆಂಗೈತೆ ರಸ್ತೆ, ಅದನ್ನೂ ಹೇಳು,” ಅಂದ.

“ಬಾಳ ನುಣ್ಣಗೈತಣ್ಣ. ಬಸ್‌ಸ್ಟ್ಯಾಂಡಿಂದ ಹೊಂಟು ನಿಮ್ಮ ಕೊಟ್ಟಿಗೆ ತಾವ ನಿಂತೋಯ್ತದೆ. ನೀವು ಅದ್ರ ಮೇಲೆ ರಾಗಿ ಒಕ್ಕಣೆ ಮಾಡ್ಸಿ ಮಿಲ್ಲಿಗೆ ತಂದಾಗ ಹುಡುಕಿದ್ರೂ ಒಂದು ಕಲ್ಲು ಸಿಗ್ಲಿಲ್ಲ.”

ಯಾರೋ ಟೀ ಉಗಿದು ನಕ್ಕರು. “ಸುಳ್ಳು ಹೇಳ್ತೀಯೇನ್ಲಾ,” ಎಂದು ಅಡವಯ್ಯ ಎದ್ದು ನಿಂತ.

ಮರುಳಸಿದ್ದಯ್ಯ ಟೀ ಸೋಸುತ್ತಾ ತಲೆ ಎತ್ತದೆ ಹೇಳಿದ: “ಅಲ್ಲ ಅಡವಯ್ಯ, ಸ್ವಂತ ಹೆಂಡ್ತಿ ಮುದ್ದೇಲಿ ಗಂಟೈತೆ ಅಂದೋನು ನಿನ್ನ ರಸ್ತೆಗೆ ಯಾಕೆ ಸುಳ್ಳು ಹೇಳ್ತಾನೆ? ಸುಳ್ಳು ಹೇಳೋನಲ್ಲ ಅಂತ ನೀನೇ ಮೈಕಲ್ಲಿ ಸಾರಿದ್ದೀಯ.”

ಅಡವಯ್ಯ ಟವೆಲ್ಲು ಕೊಡವಿಕೊಂಡು ಅಂಗಡಿಯಿಂದ ಇಳಿದು ಹೋದ. ಅಲ್ಲಿಂದ ಮುಂದೆ ಜನ ದೊಡ್ಡರಂಗಯ್ಯನನ್ನು ಹುಡುಕಿಕೊಂಡು ಮಿಲ್ಲಿಗೆ ಬರತೊಡಗಿದರು. ನಿನ್ನೆಂಡ್ರು ಗೆದ್ರೆ ಚರಂಡಿಗೆ ಚಪ್ಪಡಿ ಹಾಕಿಸೋದು ನಿಜವಾ ಎಂದು ಕೇಳಿದರು. “ಹಾಕಿಸ್ದೆ ಬಿಡಲ್ಲ, ಅದ್ರಲ್ಲಿ ಬಿದ್ದೋಳು ಅವ್ಳೇ. ಬ್ಯಾರೆ ಕೆಲ್ಸದ ವಿಷ್ಯ ನಂಗೊತ್ತಿಲ್ಲ,” ಅಂದ. ಇಂಥ ಪ್ರಚಾರವನ್ನು ನಮ್ಮೂರು ಕಂಡಿರಲಿಲ್ಲ. ಗಂಗಲಕ್ಷ್ಮಮ್ಮ ಗೆದ್ದಳು.

ಚಪ್ಪಡಿ ಬಂದ ದಿನ ಚರಂಡಿಯ ಪಕ್ಕದಲ್ಲೇ ಸಣ್ಣ ಶಾಮಿಯಾನ ಹಾಕಿ ಮೈಕು ಇಟ್ಟರು. ರೇಷ್ಮೆ ಸೀರೆ ಉಟ್ಟು ಗಂಗಲಕ್ಷ್ಮಮ್ಮ ಮೊದಲ ಸಲ ಮೈಕು ಹಿಡಿದಳು. ಎಲ್ಲರಿಗೂ ಕೈ ಮುಗಿದು ಇಳಿಯಬೇಕು ಅನ್ನುವಾಗ ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತ ಗಂಡನ ಮೇಲೆ ಕಣ್ಣು ಬಿತ್ತು. ಅವಳ ತಲೆಗೆ ಏನೋ ಹೊಳೆಯಿತು.

“ಎಲ್ರೂ ಬಲಗೈ ಮುಂದಕ್ಕೆ ಚಾಚಿ,” ಅಂದಳು.

ಮಾತು ಮುಗಿಯುವ ಮುಂಚೆ ದೊಡ್ಡರಂಗಯ್ಯನ ಕೈ ಮುಂದೆ ಬಂದಿತ್ತು.

“ನಾನು ಇನ್ಮೇಲೆ ಮನೇಲಿ ಕೇಳ್ದೆ ಯಾರ ಮೈಕಿನ ಮುಂದೂ ಕೈ ಚಾಚಲ್ಲ. ಪ್ಯಾಟೆಗೆ ಹೋದ್ರೆ ಕೊತ್ತಂಬರಿ ಸೊಪ್ಪು ಮರೆಯಲ್ಲ.”

ಜನ ಎಂದಿನಂತೆ ಅರ್ಥ ನೋಡದೆ ಒಪ್ಪಿಸಿದರು. ದೊಡ್ಡರಂಗಯ್ಯನಿಗೆ ಅರ್ಧ ಹೇಳಿದ ಮೇಲೆ ಅರ್ಥವಾಯಿತು, ಆದರೆ ಕೈ ಚಾಚಿ ಆಗಿತ್ತು. ಉಳಿದರ್ಧವನ್ನೂ ಹೇಳಿದ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನಲ್ಲಿ ಕೊತ್ತಂಬರಿ ಘಮ್ಮೆನ್ನುತ್ತಿತ್ತು. ಮುದ್ದೆ ಮುರಿದ. ಬೆರಳಿಗೆ ಹುಣಸೆ ಬೀಜದಷ್ಟು ಗಂಟು ಸಿಕ್ಕಿತು. ಗಂಗಲಕ್ಷ್ಮಮ್ಮ ಸೌಟು ಹಿಡಿದು ಎದುರಿಗೇ ನಿಂತಿದ್ದಳು. ಚುನಾವಣೆ ಶುರುವಾದಾಗಿನಿಂದ ಕೇಳದಿದ್ದ ಮಾತನ್ನು ಮೆಲ್ಲಗೆ ಕೇಳಿದಳು.

“ಹೆಂಗೈತೆ?”

ಚುನಾವಣೆ ಮುಗಿದಿತ್ತು, ಪ್ರತಿಜ್ಞೆಯೂ ಮುಗಿದಿತ್ತು. “ಬೆಣ್ಣೆ ಇದ್ದಂಗೈತೆ ಕಣೇ. ಒಂದು ಗಂಟಿಲ್ಲ,” ಎಂದು ಗಂಟನ್ನು ಗುಳುಕ್ಕನೆ ನುಂಗಿದ.

ಗಂಗಲಕ್ಷ್ಮಮ್ಮನಿಗೆ ಕಣ್ಣು ತುಂಬಿ ಬಂತು. ಇಷ್ಟು ಪ್ರೀತಿಯಿಂದ ಸುಳ್ಳು ಹೇಳಿದವನನ್ನು ಅರೆಹೊಟ್ಟೆಯಲ್ಲಿ ಏಳಿಸಲಾದೀತೇ ಎಂದು, ಮೊದಲಿನದಕ್ಕಿಂತ ದಪ್ಪನಾದ ಇನ್ನೊಂದು ಮುದ್ದೆಯನ್ನು ಅವನ ತಟ್ಟೆಗೆ ಹಾಕಿದಳು.